ಮೂಗಿಗೆ ಹನಿ ಹಾಕುವ ಮುನ್ನ

ಗಂಗಾವತಿಯ ಅಕ್ಕಿ ಗಿರಣಿಗಳ ದೂಳಿಗೋ, ಕುಷ್ಟಗಿ, ಯಲಬುರ್ಗಾ ಕಡೆಯ ಚಳಿಗಾಳಿಗೋ ಮೂಗು ಕಟ್ಟಿದರೆ ನಾವು ನೇರ ಹೋಗುವುದು ಔಷಧಿ ಅಂಗಡಿಗೆ. ಚೀಟಿ ಇಲ್ಲದೆಯೇ ಹನಿ ಸಿಗುತ್ತದೆ, ನಿಮಿಷಗಳಲ್ಲಿ ಉಸಿರು ಸಲೀಸಾಗುತ್ತದೆ. ಅಲ್ಲೇ ಜೋಕೆ ಬೇಕು.

ಈ ಹನಿಗಳಲ್ಲಿರುವ ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಮೂಗಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಮೂರರಿಂದ ಐದು ದಿನ ಸಾಕು. ಮುಂದುವರಿಸಿದರೆ ಔಷಧಿಯ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ, ಕೈ ಮತ್ತೆ ಬಾಟಲಿಗೇ ಹೋಗುತ್ತದೆ. ಬಿಪಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹಾಕಿಕೊಳ್ಳಲೇಬೇಡಿ. ದೊಡ್ಡವರ ಹನಿಯನ್ನು ಮಕ್ಕಳಿಗೆ ಹಾಕಬೇಡಿ, ಅವರ ಕೈಗೂ ಸಿಗದಂತೆ ಇಡಿ. ಪುಟ್ಟ ಮಗು ಒಂದೆರಡು ಮಿಲಿಲೀಟರ್ ನುಂಗಿದರೂ ಎಚ್ಚರ ತಪ್ಪಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಸಿದೆ. ನಮ್ಮ ಕೇಂದ್ರ ಔಷಧ ನಿಯಂತ್ರಕರೂ 2023ರಲ್ಲಿ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಶೀತದ ಔಷಧಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೇಡವೆಂದು ಲೇಬಲ್ಲಿನಲ್ಲಿ ಬರೆಯಲು ಹೇಳಿದರು.

ಮೂಗಿನ ಔಷಧಿಯಿಂದ ಹಾನಿಯಾದರೆ ಸುಮ್ಮನಿರಬೇಡಿ. 2009ರಲ್ಲಿ ಅಮೆರಿಕದಲ್ಲಿ ಜಿಕಾಮ್ ಎಂಬ ಸತುವಿನ ಮೂಗಿನ ಜೆಲ್ ಬಳಸಿ ವಾಸನಾಶಕ್ತಿ ಕಳೆದುಕೊಂಡೆವೆಂಬ 130ಕ್ಕೂ ಹೆಚ್ಚು ದೂರುಗಳು ಬಂದು, ಕಂಪನಿ ಅದನ್ನು ಹಿಂಪಡೆಯಿತು. ಆ ಜನ ದೂರು ಕೊಟ್ಟಿದ್ದರಿಂದಲೇ ವಿಷಯ ಹೊರಬಂತು.

ನಮಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. ದೋಷವುಳ್ಳ ಔಷಧಿಯಿಂದ ಹಾನಿಯಾದರೆ ತಯಾರಕರು, ಕೆಲವು ಸಂದರ್ಭಗಳಲ್ಲಿ ಮಾರಿದವರೂ ಹೊಣೆ. ಎರಡು ವರ್ಷದೊಳಗೆ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೇ ಹನಿ ಕೊಂಡಾಗ ಬಿಲ್ ಕೇಳಿ ಪಡೆಯಿರಿ, ಬ್ಯಾಚ್ ನಂಬರ್ ಇರುವ ಡಬ್ಬಿಯನ್ನು ಎಸೆಯಬೇಡಿ. ಅಡ್ಡಪರಿಣಾಮ ಕಂಡರೆ ವೈದ್ಯರಿಗೆ ತಿಳಿಸಿ, ಅಡ್ಡಪರಿಣಾಮ ವರದಿ ಮಾಡುವ ಸಹಾಯವಾಣಿ 1800-180-3024ಕ್ಕೂ ಉಚಿತವಾಗಿ ಕರೆ ಮಾಡಿ.