ಕಳಸದಲ್ಲಿ ಮನೆಗಿಂತ ಮೊದಲು ದಾರಿ ನೋಡಿ

ಯಜಮಾನರಿಗೆ ಪುಣೆಯಿಂದ ಕಳಸದ ಬ್ಯಾಂಕ್ ಶಾಖೆಗೆ ವರ್ಗವಾದಾಗ ನಮಗೆ ಸಿಕ್ಕಿದ್ದು ಒಂದು ಬೇಸಿಗೆ ರಜೆಯ ಅವಧಿ. ಅಷ್ಟರೊಳಗೆ ಮನೆ ಸಿಗಬೇಕು, ಮಕ್ಕಳಿಬ್ಬರು ಶಾಲೆಗೆ ಸೇರಬೇಕು, ಮಂಡಿನೋವು, ಬಿ.ಪಿ. ಇರುವ ಅತ್ತೆಯವರನ್ನು ಜೋಪಾನವಾಗಿ ಕರೆತರಬೇಕು. ನಾನು ಹುಟ್ಟಿ ಬೆಳೆದದ್ದು ವಿಜಯಪುರದ ಬಯಲಲ್ಲಿ. ಮಳೆ ಬರಲೆಂದು ಹರಕೆ ಹೊರುವ ಊರಿನವಳಿಗೆ, ಮಳೆಯಿಂದ ಮನೆ ಕಾಯ್ದುಕೊಳ್ಳುವ ಊರಿನ ಲೆಕ್ಕಾಚಾರ ಹೊಸದು. ಬ್ಯಾಂಕು, ಶಾಲೆ, ಆಸ್ಪತ್ರೆ, ಮೆಸ್ಕಾಂ ಎಂದು ಪ್ರತಿವರ್ಷ ಎಷ್ಟೋ ಕುಟುಂಬಗಳು ಹೊರಗಿನಿಂದ ಈ ಕಾಫಿ ಬೆಟ್ಟಗಳಿಗೆ ಬರುತ್ತವೆ. ದೂರದಲ್ಲಿ ಕೂತು ಮನೆ ಹುಡುಕುವ ಅಂಥವರಿಗೆ ನಾವು ಕಲಿತದ್ದು ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೋರ್ಡು ಇಲ್ಲದ ಮನೆಗಳು

ಪುಣೆಯಲ್ಲಿ ಮೊಬೈಲ್ ಆ್ಯಪ್ ತೆರೆದರೆ ಬಡಾವಣೆ, ಬಾಡಿಗೆ, ಎಷ್ಟನೇ ಮಹಡಿ ಎಲ್ಲವೂ ಸಾಲಾಗಿ ಬರುತ್ತವೆ. ಕಳಸ ಎಂದು ಹಾಕಿದರೆ ಬರುವುದು ಹೋಂಸ್ಟೇಗಳು, ಅವುಗಳ ಒಂದು ರಾತ್ರಿಯ ದರ. ನೆಂಟರೊಬ್ಬರು ಉಪಗ್ರಹ ನಕ್ಷೆ ನೋಡಿ, "ಕುದುರೆಮುಖದಲ್ಲಿ ಸಾಲುಮನೆಗಳೇ ಕಾಣ್ತವಲ್ಲ, ಅಲ್ಲಿ ಕೇಳಬಾರದೆ?" ಎಂದರು. ಅದು 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ತನ್ನ ನೌಕರರಿಗೆಂದು ಕಟ್ಟಿದ ಊರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಜನ ಹೊರಟುಹೋದರು. ಸುತ್ತಲೂ ರಾಷ್ಟ್ರೀಯ ಉದ್ಯಾನ. ನಮ್ಮಂಥವರು ಹೋಗಿ ಬಾಡಿಗೆ ಮಾತಾಡುವ ಜಾಗ ಅದಲ್ಲ.

ಕಳಸದಲ್ಲಿ ಮನೆಯ ಸುದ್ದಿ ಜನರ ಬಾಯಲ್ಲಿರುತ್ತದೆ. ಶಾಖೆಯ ಅಟೆಂಡರು, ಮೆಡಿಕಲ್ ಅಂಗಡಿಯವರು, ಅಂಚೆಯವರು, ಸಹಕಾರ ಸಂಘದಲ್ಲಿ ಕೂತವರು, ಶಾಲೆಯ ಮೇಷ್ಟ್ರು: ಇವರಿಗೆ ಗೊತ್ತಿಲ್ಲದ ಖಾಲಿ ಮನೆ ಇರುವುದಿಲ್ಲ. ಆದರೆ ಕೇಳುವ ರೀತಿ ಬೇರೆ. "ಬಾಡಿಗೆ ಮನೆ ಇದೆಯಾ?" ಎಂದು ಫೋನು ಮಾಡಿದಾಗಲೆಲ್ಲ "ಇಲ್ಲ ಮಾರಾಯ್ರೆ" ಎಂಬ ಉತ್ತರವೇ ಬಂತು. "ಬಾಗಿಲು ಹಾಕಿಟ್ಟ ಮನೆ ಯಾರದ್ದಾದರೂ ಇದೆಯಾ?" ಎಂದು ಕೇಳತೊಡಗಿದ ಮೇಲೆ ಒಂದೊಂದೇ ಹೆಸರು ಹೊರಬಂತು. ಮಕ್ಕಳು ಬೆಂಗಳೂರು ಸೇರಿದ ಮನೆ, ತೋಟದಲ್ಲಿ ಹೊಸ ಮನೆ ಕಟ್ಟಿಕೊಂಡವರ ಹಳೆಯ ಮನೆ, ಅಜ್ಜಿ ತೀರಿಕೊಂಡ ಮೇಲೆ ಬೀಗ ಬಿದ್ದ ಮನೆ. ಇವುಗಳ ಯಜಮಾನರು ಬಾಡಿಗೆಗೆ ಎಂದು ಬೋರ್ಡು ಹಾಕಿರುವುದಿಲ್ಲ. ಗುರುತಿನವರು ಹೇಳಿದರೆ ಮಾತ್ರ ಬೀಗ ತೆಗೆಯುತ್ತಾರೆ.

ಅವರಿಗೂ ಒಂದು ಅಗತ್ಯವಿದೆ. ಮಲೆನಾಡಿನಲ್ಲಿ ಒಲೆ ಉರಿಯದ ಮನೆ ಬಹಳ ವರ್ಷ ತಾಳುವುದಿಲ್ಲ. ಹೆಂಚು ಸರಿದು ಸೋರುತ್ತದೆ, ಗೋಡೆ ತೇವ ಹಿಡಿಯುತ್ತದೆ, ತೊಲೆಗೆ ಗೆದ್ದಲು ಹತ್ತುತ್ತದೆ. ಹಾಗಾಗಿ ಬಾಡಿಗೆಯ ಮೊತ್ತಕ್ಕಿಂತ ಮನೆಯನ್ನು ಬದುಕಿಸಿಕೊಳ್ಳುವವರು ಯಾರು ಎಂಬುದೇ ಅವರಿಗೆ ದೊಡ್ಡದು. ನಮ್ಮ ಮನೆ ಕೊಟ್ಟ ಹಿರಿಯರು ಬಾಡಿಗೆ ಮಾತಾಡುವ ಮೊದಲು ಕೇಳಿದ್ದು ಇಷ್ಟು: "ಮಳೆಗಾಲದಲ್ಲೂ ಇಲ್ಲೇ ಇರ್ತೀರಲ್ಲಮ್ಮ? ಮಳೆ ಹಿಡೀತಿದ್ದ ಹಾಗೆ ಊರಿಗೆ ಹೋಗೋರಾದ್ರೆ ಬೇಡ."

ದಾರಿ

ಮನೆ ನೋಡಲು ಹೊರಗಿನವರು ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಕಳಸದ ಯಾವ ಮನೆಯೂ ಚೆಂದ, ಯಾವ ದಾರಿಯೂ ಸಲೀಸು. ಭದ್ರೆ ಕಲ್ಲುಗಳ ನಡುವೆ ತೆಳ್ಳಗೆ ಹರಿಯುತ್ತಿರುತ್ತಾಳೆ. ಇದೇ ನದಿ ಆರಿದ್ರಾದಿಂದ ಆಶ್ಲೇಷದವರೆಗೆ ಊರಿನ ಓಡಾಟವನ್ನೇ ತೀರ್ಮಾನಿಸುತ್ತದೆ.

ನಮಗೆ ತೋರಿಸಿದ ಮನೆಗಳಲ್ಲಿ ಅತಿ ಸುಂದರವಾದದ್ದು ಹೊಳೆಯಾಚೆ, ಹೊರನಾಡಿನ ದಿಕ್ಕಿನಲ್ಲಿತ್ತು. ಅಗಲವಾದ ಅಂಗಳ, ಜಗಲಿ, ಹಿಂದೆ ಅಡಿಕೆ ತೋಟ. ಅಲ್ಲಿಂದ ಕಳಸಕ್ಕೆ ಬರುವುದು ಹೆಬ್ಬಾಳೆ ಸೇತುವೆಯ ಮೇಲೆ. ಅದು ತಗ್ಗಿನಲ್ಲಿರುವ ಸೇತುವೆ. ಕುದುರೆಮುಖದ ಕಡೆ ಮಳೆ ಜೋರಾದರೆ ಕಳಸದಲ್ಲಿ ಬಿಸಿಲಿದ್ದರೂ ಭದ್ರೆ ಏರಿ ಸೇತುವೆಯ ಮೇಲೆ ಹರಿಯುತ್ತಾಳೆ. ಆಗ ಹಳುವಳ್ಳಿಯ ಮೇಲೆ ಸುತ್ತು ಹಾಕಬೇಕು. ಅಲ್ಲೇ ತೋಟ, ಅಲ್ಲೇ ಬದುಕು ಇರುವವರಿಗೆ ಇದು ಒಗ್ಗಿದ ಸಂಗತಿ. ಬೆಳಿಗ್ಗೆ ಹತ್ತಕ್ಕೆ ಶಾಖೆಯ ಬೀಗ ತೆಗೆಯಬೇಕಾದವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಅದು ದಿನದಿನದ ಆತಂಕ. ಆ ಮನೆಯನ್ನು ಬಿಟ್ಟು ಪೇಟೆ ಮಗ್ಗುಲಿನ ಹಳೆಯ ಹೆಂಚಿನ ಮನೆಯನ್ನು ಆರಿಸಿಕೊಂಡೆವು. ಆ ವರ್ಷ ಪುಷ್ಯ ಮಳೆಯಲ್ಲಿ ಸೇತುವೆ ಮುಳುಗಿದಾಗ ಯಜಮಾನರು ಕೊಡೆ ಹಿಡಿದು ನಡೆದೇ ಕೆಲಸಕ್ಕೆ ಹೋದರು.

ಊರೊಳಗಿನ ದಾರಿಯಷ್ಟೇ ಮುಖ್ಯವಾದದ್ದು ಊರಿಂದ ಹೊರಗೆ ಹೋಗುವ ದಾರಿ. ಕಳಸದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಹೃದಯ, ಮೆದುಳು ಎಂದು ತಜ್ಞರು ಬೇಕಾದರೆ ಚಿಕ್ಕಮಗಳೂರು, ಮಂಗಳೂರು ಇಲ್ಲವೇ ಮಣಿಪಾಲ. ಕರಾವಳಿಗೆ ಇಳಿಯಲು ಕುದುರೆಮುಖ, ಎಸ್.ಕೆ. ಬಾರ್ಡರ್, ಬಜಗೋಳಿಯ ಮೇಲೆ ಕಾರ್ಕಳಕ್ಕೆ ಒಂದು ದಾರಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಇನ್ನೊಂದು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಹಲವೆಡೆ ಕುಸಿದು ತಿಂಗಳುಗಟ್ಟಲೆ ಸಂಚಾರಕ್ಕೆ ತೊಂದರೆಯಾಗಿತ್ತು. ಹಿರಿಯರಿರುವ ಕುಟುಂಬ ಈ ಎರಡೂ ದಾರಿಗಳನ್ನು ಬೇಸಿಗೆಯಲ್ಲೇ ಒಮ್ಮೆ ಕ್ರಮಿಸಿ ನೋಡಬೇಕು. ಅತ್ತೆಯವರ ಮಾತ್ರೆಗಳನ್ನು ಮಳೆಗಾಲಕ್ಕೆ ಮೊದಲೇ ಧಾರಾಳವಾಗಿ ತಂದಿಟ್ಟುಕೊಳ್ಳುವ ಪದ್ಧತಿ ಅಂದು ಶುರುವಾದದ್ದು ಇಂದಿಗೂ ನಡೆದಿದೆ.

ಧರೆ

ವಿಡಿಯೋ ಕರೆಯಲ್ಲಿ ಮನೆ ತೋರಿಸುವವರು ಜಗಲಿ, ನಡುಮನೆ, ಅಡುಗೆಮನೆ ತೋರಿಸುತ್ತಾರೆ. ನೀವು ಮನೆಯ ಹಿಂಬದಿ ತೋರಿಸಿ ಎನ್ನಬೇಕು. ಗುಡ್ಡದ ಇಳಿಜಾರನ್ನು ಕಡಿದು ಸಮತಟ್ಟು ಮಾಡಿ ಕಟ್ಟಿದ ಮನೆಗಳ ಬೆನ್ನಿಗೇ ಧರೆ ಇರುತ್ತದೆ. ಹಿಂದಿನವರು ಅದನ್ನು ಕೈಯಲ್ಲಿ ಕಡಿದು, ಓರೆಯಾಗಿ ಬಿಟ್ಟು, ಮೇಲೆ ಗಿಡಗಂಟಿ ಬೆಳೆಯಲು ಬಿಡುತ್ತಿದ್ದರು. ಈಗ ಜೆಸಿಬಿ, ಹಿಟಾಚಿ ತಂದು ನೆಟ್ಟಗೆ ಗೋಡೆಯ ಹಾಗೆ ಕಡಿಯುತ್ತಾರೆ. ನೀರು ಕುಡಿದು ಭಾರವಾದ ಮಣ್ಣು ಅಷ್ಟು ನೆಟ್ಟಗೆ ನಿಲ್ಲಲಾರದು.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಯಂಥ ಹಳ್ಳಿಗಳಲ್ಲಿ ಗುಡ್ಡ ಜರಿದು ಮನೆ, ತೋಟ ಮಣ್ಣಿನಡಿ ಹೋದವು. ತಲೆಮಾರುಗಳಿಂದ ಅಲ್ಲೇ ಬಾಳಿದವರೂ ನೆಲೆ ಕಳೆದುಕೊಂಡರು. ಮಳೆಯ ಗುರುತು ಬಲ್ಲವರಿಗೇ ಹೀಗಾದರೆ ಹೊರಗಿನಿಂದ ಬರುವ ನಾವು ಇನ್ನಷ್ಟು ಎಚ್ಚರವಾಗಿರಬೇಕು. ಧರೆಯ ಮೇಲಿನ ಮರ ವಾಲಿದೆಯೇ, ಮೇಲಿನ ನೆಲದಲ್ಲಿ ಬಿರುಕಿದೆಯೇ, ಬುಡದಲ್ಲಿ ಕೆಸರುನೀರು ಒಸರಿದ ಗುರುತಿದೆಯೇ, ಮೇಲಿನ ನೀರು ಹರಿದುಹೋಗಲು ಚರಂಡಿ ಇದೆಯೇ, ತಡೆಗೋಡೆ ಕಟ್ಟಿದ್ದರೆ ಅದರಲ್ಲಿ ನೀರು ಹೊರಬರುವ ತೂತುಗಳಿವೆಯೇ ಎಂದು ಒಂದೊಂದಾಗಿ ಕೇಳಿ. ಟೈಲ್ಸು ಹಾಕಿದ, ಹೊಸದಾಗಿ ಬಣ್ಣ ಬಳಿದ ಒಂದು ತಾರಸಿ ಮನೆಯನ್ನು ನಾವು ಬೇಡವೆಂದದ್ದು ಅದರ ಹಿಂದಿನ ಧರೆಯನ್ನು ನೋಡಿಯೇ. ಮನೆಯವರು ಒಳ್ಳೆಯವರು, ಬಾಡಿಗೆಯೂ ಹದವಾಗಿತ್ತು. ಆದರೆ ಮಕ್ಕಳು ಮಲಗುವ ಕೋಣೆಯ ಗೋಡೆಗೂ ಧರೆಗೂ ನಡುವೆ ಒಬ್ಬರು ನಡೆಯುವಷ್ಟು ಜಾಗವಿತ್ತು, ಅಷ್ಟೆ.

ನೀರು, ಕರೆಂಟು, ಸೌದೆ

ಇಷ್ಟು ಮಳೆ ಸುರಿಯುವ ಊರಲ್ಲಿ ನೀರಿನ ಚಿಂತೆಯೇ ಎಂದು ಪುಣೆಯಲ್ಲಿ ಕೇಳಿದವರಿದ್ದರು. ಗುಡ್ಡದ ಮೇಲಿನ ಒರತೆಗೆ ಪೈಪು ಹಾಕಿ ಇಳಿಸಿಕೊಂಡ ನೀರು ಎಷ್ಟೋ ಮನೆಗಳ ಆಧಾರ. ಮೋಟಾರು ಬೇಡ, ಕರೆಂಟು ಬೇಡ. ಆದರೆ ಬೇಸಿಗೆಯ ಕೊನೆಗೆ ಒರತೆ ಸಣ್ಣದಾಗುತ್ತದೆ, ಮಳೆಗಾಲದಲ್ಲಿ ಪೈಪು ಕಿತ್ತುಹೋಗುತ್ತದೆ ಅಥವಾ ಕೆಸರು ತುಂಬುತ್ತದೆ. ಹೂಮಳೆ ಬಾರದ ವರ್ಷ ಕಾಫಿಗೆ ನೀರು ಹಾಯಿಸಲು ಎಲ್ಲರೂ ಹೊಳೆ, ಕೆರೆಯ ಕಡೆಗೇ ತಿರುಗುತ್ತಾರೆ. ಆದ್ದರಿಂದ ಏಪ್ರಿಲ್‌ನಲ್ಲಿ ನೀರು ಹೇಗೆ, ಜುಲೈಯಲ್ಲಿ ಹೇಗೆ ಎಂದು ಎರಡು ಸಲ ಕೇಳಿ. ಬಾವಿ ಇರುವ ಮನೆ ಸಿಕ್ಕರೆ ಅದೃಷ್ಟ.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಆ ಗಾಳಿಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳ ಶ್ರಮವನ್ನು ಕಂಡವರು ದೂರು ಹೇಳಲಾರರು. ಕರೆಂಟು ಹೋದ ಮೇಲೆ ಮೊಬೈಲ್ ಟವರು ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ಕಂಪನಿಯ ಸಿಗ್ನಲ್ ಮನೆಯೊಳಗೆ ಸಿಗುತ್ತದೆ ಎಂಬುದನ್ನು ತಿಳಿಯಲು ಸುಲಭ ಉಪಾಯವಿದೆ. ಮನೆ ತೋರಿಸುವವರು ಆ ಮನೆಯ ಒಳಕೋಣೆಯಿಂದಲೇ ನಿಮಗೆ ಕರೆ ಮಾಡಲಿ.

ಬಚ್ಚಲಲ್ಲಿ ಹಂಡೆ ಒಲೆ ಇದ್ದರೆ, ಪಕ್ಕದಲ್ಲಿ ಮಳೆ ಬೀಳದ ಸೌದೆ ಕೊಟ್ಟಿಗೆ ಇದ್ದರೆ ಆ ಮನೆಗೆ ಎರಡು ಅಂಕ ಹೆಚ್ಚು ಕೊಡಿ. ಕರೆಂಟಿಲ್ಲದ ವಾರದಲ್ಲೂ ಬಿಸಿನೀರು ಸಿಗುತ್ತದೆ, ಮಕ್ಕಳ ಸಮವಸ್ತ್ರ ಒಣಗುತ್ತದೆ. ಸೌದೆಯನ್ನು ಮೇ ತಿಂಗಳೊಳಗೆ ತುಂಬಿಸಬೇಕು. ಜೂನ್‌ನಲ್ಲಿ ಒಣಸೌದೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಶಾಲೆ ಮತ್ತು ಕಾಗದಪತ್ರ

ಬೇರೆ ರಾಜ್ಯದಿಂದ ಬರುವ ಮಕ್ಕಳ ವರ್ಗಾವಣೆ ಪತ್ರಕ್ಕೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುತ್ತಾರೆ. ಹೊರಡುವ ಮೊದಲೇ ಮಾಡಿಸಿ. ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತಿತ್ತು, ಓದು ಬರಹ ಬರುತ್ತಿರಲಿಲ್ಲ. ರಜೆಯಲ್ಲೇ ಕಾಗುಣಿತ ಶುರುಮಾಡಿದ್ದು ಜೂನ್‌ನಲ್ಲಿ ಅವರ ಕೈಹಿಡಿಯಿತು. ಕಾರು ಅಥವಾ ಬೈಕನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಹಳೆಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು ಚಿಕ್ಕಮಗಳೂರಿನ ಕೆಎ 18 ಸಂಖ್ಯೆ ಪಡೆಯಬೇಕು. ಬಾಡಿಗೆ ಕರಾರನ್ನು, ಎಷ್ಟೇ ಆತ್ಮೀಯರಾದರೂ, ಬರೆದು ಇಟ್ಟುಕೊಳ್ಳಿ. ಹೆಂಚು ಕೈಯಾಡಿಸುವ ಖರ್ಚು ಯಾರದು, ಅಂಗಳದ ಅಡಿಕೆ, ಹಲಸು, ಕಾಳುಮೆಣಸು ಯಾರದು ಎಂದು ಅದರಲ್ಲೇ ಇರಲಿ.

ಕೊಳ್ಳುವ ಆಸೆ

ವರ್ಷ ಕಳೆಯುವಷ್ಟರಲ್ಲಿ ಇಲ್ಲೇ ಸ್ವಲ್ಪ ಜಾಗ ಕೊಂಡರೆ ಹೇಗೆ ಎಂಬ ಆಸೆ ಎಲ್ಲರಿಗೂ ಹುಟ್ಟುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗೆಂದು ಫೋನಿನಲ್ಲೇ ಮುಂಗಡ ಕಳಿಸಬೇಡಿ. ಪಹಣಿ, ಮ್ಯುಟೇಷನ್, ಇಸಿ ತೆಗೆಸಿ. ಕಳಸ ಈಗ ಪ್ರತ್ಯೇಕ ತಾಲೂಕಾದರೂ ಹಳೆಯ ಪತ್ರಗಳಲ್ಲಿ ಮೂಡಿಗೆರೆ ತಾಲೂಕು, ಕಳಸ ಹೋಬಳಿ ಎಂದೇ ಇರುತ್ತದೆ. ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. 94ಸಿ ಅಡಿ ಸಕ್ರಮವಾದ ಮನೆಗೆ ಪರಭಾರೆಯ ಷರತ್ತು ಇದೆಯೇ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಸರ್ವೆ ನಂಬರು ಅರಣ್ಯದ ಸೆಕ್ಷನ್ 4ರ ಅಧಿಸೂಚನೆಯಲ್ಲಿ ಅಥವಾ ಡೀಮ್ಡ್ ಅರಣ್ಯದ ಪಟ್ಟಿಯಲ್ಲಿ ಇದೆಯೇ ಎಂಬುದು ಮಲೆನಾಡಿನಲ್ಲಿ ತಪ್ಪದೆ ಕೇಳಬೇಕಾದ ಪ್ರಶ್ನೆ. ಇದೆಲ್ಲ ಸರಿಯಿದ್ದರೂ ಒಂದು ಪೂರ್ತಿ ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆದ ಮೇಲೆಯೇ ಕೊಳ್ಳುವ ಮಾತಾಡಿ.

ಕೊನೆಯದಾಗಿ ಕಳಸ, ಮೂಡಿಗೆರೆ ಕಡೆಯ ಹಿರಿಯರಲ್ಲಿ ಒಂದು ಬಿನ್ನಹ. ಒಬ್ಬ ನರ್ಸು, ಒಬ್ಬ ಮೇಷ್ಟ್ರು, ಒಬ್ಬ ಬ್ಯಾಂಕ್ ಗುಮಾಸ್ತ ಊರಿಗೆ ಬಂದು, ಕುಟುಂಬವನ್ನು ಇಡಲು ಮನೆ ಸಿಗದೆ, ಮತ್ತೆ ವರ್ಗ ಕೇಳಿ ಹೋದರೆ ನಷ್ಟ ಊರಿಗೇ. ಬೀಗ ಹಾಕಿದ ಮನೆ ನಿಮ್ಮದಿದ್ದರೆ ಅಂಥವರಿಗೆ ಕೊಡಿ. ಕೊಡುವಾಗ ಧರೆ, ನೀರು, ಮಳೆಗಾಲದ ದಾರಿಯ ವಿಷಯವನ್ನು ಅವರು ಕೇಳುವ ಮೊದಲೇ ಹೇಳಿ. ನಮಗೆ ಮನೆ ಕೊಟ್ಟವರು ಹಾಗೆ ಹೇಳಿದ್ದರಿಂದಲೇ ನಾವು ಇಲ್ಲಿ ನಿಂತೆವು.