ಪ್ರಯಾಣದ ಶೈತ್ಯಪೆಟ್ಟಿಗೆ: ಆರಿಸುವುದು ಹೇಗೆ?

ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಂಪಾಗಿರುವುದನ್ನು ನಾವೆಲ್ಲರೂ ಬಲ್ಲೆವು. ಹೂಜಿಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು. ಆ ಶಾಖದ ಬಹುಭಾಗವನ್ನು ಅದು ಒಳಗಿನ ನೀರಿನಿಂದಲೇ ಪಡೆಯುತ್ತದೆ. ತಂಪೆಂಬ ವಸ್ತುವನ್ನು ಹೂಜಿ ಎಲ್ಲಿಂದಲೂ ತರಲಿಲ್ಲ. ಒಳಗಿದ್ದ ಶಾಖವನ್ನು ಹೊರಕ್ಕೆ ಸಾಗಿಸಿತು, ಅಷ್ಟೆ. ಆದರೆ ಹೂಜಿಗೆ ಒಂದು ಮಿತಿಯುಂಟು. ಮಂಗಳೂರಿನಂತಹ ಕರಾವಳಿಯ ತೇವಗಾಳಿಯಲ್ಲಿ ನೀರು ಬೇಗ ಆವಿಯಾಗದು. ಒಣಹವೆಯ ಊರಿನಲ್ಲಿಯೂ ಹಾಲು ಕೆಡದಷ್ಟು ತಂಪು ಅದರಿಂದ ಬಾರದು.

ದೂರ ಪ್ರಯಾಣ ಮಾಡುವವರೂ ಬಯಲಿನಲ್ಲಿ ಡೇರೆ ಹಾಕಿ ತಂಗುವವರೂ ಈಗ ವಾಹನದಲ್ಲಿಯೇ ಒಂದು ಪುಟ್ಟ ಫ್ರಿಜ್ಜನ್ನು ಕೊಂಡೊಯ್ಯುವುದುಂಟು. ಅಂಗಡಿಯಲ್ಲಿ ಇವೆಲ್ಲ ನೋಟಕ್ಕೆ ಹೆಚ್ಚು ಕಡಿಮೆ ಒಂದೇ ಬಗೆಯ ಪೆಟ್ಟಿಗೆಗಳು. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಯಾವುದನ್ನು ಕೊಳ್ಳಬೇಕು? ಪೆಟ್ಟಿಗೆಯೊಳಕ್ಕೆ ಎಷ್ಟು ಶಾಖ ನುಗ್ಗುತ್ತದೆ, ಅದನ್ನು ಹೊರಹಾಕಲು ನಮ್ಮಲ್ಲಿ ಎಷ್ಟು ಶಕ್ತಿಯಿದೆ ಎಂಬ ಎರಡು ಲೆಕ್ಕಗಳನ್ನು ಮಾಡಬಲ್ಲವನಿಗೆ ಈ ಪ್ರಶ್ನೆ ಕಠಿನವಲ್ಲ. ಅದಕ್ಕೆ ಬೇಕಾದ ಭೌತಶಾಸ್ತ್ರವು ವಿದ್ಯಾರ್ಥಿಗಳ ಪಠ್ಯಪುಸ್ತಕದಲ್ಲಿಯೇ ಇದೆ.

ಎಷ್ಟು ತಂಪು ಬೇಕು?

ಒಂದು ಉದಾಹರಣೆಯನ್ನು ಇಟ್ಟುಕೊಂಡು ಮುಂದುವರಿಯೋಣ. ಮೇ ತಿಂಗಳಿನಲ್ಲಿ ಒಂದು ಕುಟುಂಬವು ಬೆಂಗಳೂರಿನಿಂದ ಕಾರಿನಲ್ಲಿ ಹೊರಟು ಹಂಪೆ, ಬಾದಾಮಿ, ವಿಜಯಪುರಗಳನ್ನು ಮೂರು ದಿನಗಳಲ್ಲಿ ನೋಡಿ ಬರಲಿದೆ ಎಂದು ಭಾವಿಸೋಣ. ಜೊತೆಯಲ್ಲಿ ಹಾಲು, ಮೊಸರು, ಹೆಚ್ಚಿದ ಹಣ್ಣು ಇವೆ. ಅಜ್ಜಿಯ ಇನ್ಸುಲಿನ್ ಸಹ ಇದೆ. ಆ ಪ್ರಾಂತದಲ್ಲಿ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ.

ಆಹಾರವನ್ನು ಕೆಡಿಸುವ ಬ್ಯಾಕ್ಟೀರಿಯಗಳು 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಬೇಗ ವೃದ್ಧಿಯಾಗುತ್ತವೆ. ಆದುದರಿಂದ ಹಾಲು ಮೊದಲಾದುವನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕು. ತೆರೆಯದ ಇನ್ಸುಲಿನ್ ಸೀಸೆಗೆ 2ರಿಂದ 8 ಡಿಗ್ರಿ ಬೇಕು. ಆದರೆ ಅದು ಒಮ್ಮೆ ಹೆಪ್ಪುಗಟ್ಟಿತೆಂದರೆ ಮತ್ತೆ ಕರಗಿಸಿದರೂ ಉಪಯೋಗಕ್ಕೆ ಬಾರದು. ಬಳಕೆಗೆ ತೆರೆದ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರಗಳವರೆಗೆ 25–30 ಡಿಗ್ರಿ ಮೀರದ ಸ್ಥಳದಲ್ಲಿ ಇಡಬಹುದು. ಆಯಾ ಔಷಧದೊಡನೆ ಬರುವ ಸೂಚನಾಪತ್ರವೇ ಇದಕ್ಕೆ ಪ್ರಮಾಣ. ಹೀಗೆ, ‘ತಂಪಾಗಿದ್ದರೆ ಸಾಕು’ ಎಂಬ ಮಾತು ಇಲ್ಲಿ ಸಾಲದು. ಎಷ್ಟು ಡಿಗ್ರಿ ಎಂಬುದೇ ಮುಖ್ಯ.

ಗೋಡೆಯ ಮೂಲಕ ನುಗ್ಗುವ ಶಾಖ

ನಮ್ಮ ಪೆಟ್ಟಿಗೆ ಸುಮಾರು 50 ಲೀಟರಿನದು. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 1 ಚದರ ಮೀಟರ್, ಗೋಡೆಯೊಳಗಿನ ಪಾಲಿಯುರಿಥೇನ್ ನೊರೆಯ ದಪ್ಪ 4 ಸೆಂಟಿಮೀಟರ್ ಎಂದಿರಲಿ. ಈ ನೊರೆಯ ಉಷ್ಣವಾಹಕತೆ ಮೀಟರಿಗೆ ಡಿಗ್ರಿಗೆ ಸುಮಾರು 0.025 ವಾಟ್. ಹಗಲಿರುಳುಗಳ ಸರಾಸರಿಯಾಗಿ ಹೊರಗೆ 35 ಡಿಗ್ರಿ, ಒಳಗೆ 5 ಡಿಗ್ರಿ, ಅಂದರೆ ವ್ಯತ್ಯಾಸ 30 ಡಿಗ್ರಿ. ವಾಹಕತೆ, ವಿಸ್ತೀರ್ಣ, ಉಷ್ಣತೆಯ ವ್ಯತ್ಯಾಸ ಇವುಗಳನ್ನು ಗುಣಿಸಿ ದಪ್ಪದಿಂದ ಭಾಗಿಸಿದರೆ ಒಳಕ್ಕೆ ಹರಿಯುವ ಶಾಖದ ಪ್ರಮಾಣ ದೊರೆಯುತ್ತದೆ:

0.025 × 1 × 30 ÷ 0.04 = 18.75 ವಾಟ್

ಒಂದು ಚಿಕ್ಕ ದೀಪದಷ್ಟು ಶಾಖವಾದರೂ ಇದು ಹಗಲೂ ಇರುಳೂ ಬಿಡುವಿಲ್ಲದೆ ಬರುತ್ತದೆ. 24 ಗಂಟೆಗಳಲ್ಲಿ ಇದರ ಮೊತ್ತ 450 ವಾಟ್-ಗಂಟೆ, ಅಂದರೆ 1,620 ಕಿಲೋಜೌಲ್. ಗೋಡೆ 2 ಸೆಂಟಿಮೀಟರ್ ಮಾತ್ರ ದಪ್ಪವಾಗಿದ್ದರೆ ಇದು ಎರಡರಷ್ಟಾಗುತ್ತದೆ. ಆದುದರಿಂದ ಪೆಟ್ಟಿಗೆ ಕೊಳ್ಳುವವರು ಯಂತ್ರವನ್ನು ನೋಡುವುದಕ್ಕೆ ಮುಂಚೆ ಗೋಡೆಯ ದಪ್ಪವನ್ನು ನೋಡಬೇಕು. ಒಂದೇ ಹೊರ ಅಳತೆಯ ಎರಡು ಪೆಟ್ಟಿಗೆಗಳಲ್ಲಿ ‘ಇದರೊಳಗೆ ಹೆಚ್ಚು ಸ್ಥಳವಿದೆ’ ಎಂದು ಮಾರುವವನು ಹೊಗಳಿದರೆ, ಗೋಡೆ ತೆಳ್ಳಗಿದೆ ಎಂದು ನಾವು ಅರ್ಥಮಾಡಿಕೊಳ್ಳಬಹುದು.

ಗೋಡೆಯಿಂದ ಬರುವ ಶಾಖದ ಜೊತೆಗೆ ನಾವೇ ಒಳಗಿಡುವ ಶಾಖವೂ ಉಂಟು. ಮುಚ್ಚಳವನ್ನು ಪದೇ ಪದೇ ತೆರೆಯಬಾರದೆಂದು ಹಿರಿಯರು ಗದರಿಸುವುದನ್ನು ಕೇಳಿದ್ದೇವೆ. 50 ಲೀಟರ್ ಗಾಳಿಯೆಲ್ಲ ಹೊರಗಿನ ಬಿಸಿಗಾಳಿಯಿಂದ ಬದಲಾಯಿತೆಂದೇ ಎಣಿಸೋಣ. ಆ ಗಾಳಿಯ ತೂಕ 60 ಗ್ರಾಮಿಗಿಂತ ಕಡಿಮೆ. ಅದನ್ನು 30 ಡಿಗ್ರಿ ತಣಿಸಲು, ಅದರಲ್ಲಿರುವ ತೇವವು ನೀರಾಗುವಾಗ ಬಿಡುವ ಶಾಖವನ್ನೂ ಸೇರಿಸಿ, ಸುಮಾರು 3.5 ಕಿಲೋಜೌಲ್ ತೆಗೆಯಬೇಕಾಗುತ್ತದೆ. ಆದರೆ 35 ಡಿಗ್ರಿಯ ಒಂದು ಲೀಟರ್ ನೀರಿನ ಸೀಸೆಯನ್ನು ಒಳಗಿಟ್ಟರೆ ತೆಗೆಯಬೇಕಾದ ಶಾಖ 4.2 × 30, ಅಂದರೆ 126 ಕಿಲೋಜೌಲ್! ಒಂದು ಬೆಚ್ಚನೆಯ ಸೀಸೆಯು ಮೂವತ್ತಾರು ಸಲ ಮುಚ್ಚಳ ತೆರೆದುದಕ್ಕೆ ಸಮ. ಅಂತಹ ಹತ್ತು ಸೀಸೆಗಳನ್ನಿಟ್ಟರೆ ಗೋಡೆಯ ಮೂಲಕ ಇಡೀ ದಿನದಲ್ಲಿ ಬರುವ ಶಾಖದ ಮುಕ್ಕಾಲು ಪಾಲಿಗಿಂತ ಹೆಚ್ಚು ಶಾಖವನ್ನು ನಾವೇ ತುಂಬಿದಂತೆ. ಹೊರಡುವ ಹಿಂದಿನ ದಿನ ಪೆಟ್ಟಿಗೆಯನ್ನೂ ಪದಾರ್ಥಗಳನ್ನೂ ಮನೆಯಲ್ಲಿಯೇ ತಣ್ಣಗೆ ಮಾಡಿಕೊಳ್ಳಬೇಕೆಂಬ ಸಲಹೆಯ ತಿರುಳು ಇದು.

ಮಂಜುಗಡ್ಡೆಯಿಂದ ಸಾಗುವುದೆ?

ಒಂದು ಕಿಲೋಗ್ರಾಮ್ ಮಂಜುಗಡ್ಡೆ ಕರಗುವಾಗ 334 ಕಿಲೋಜೌಲ್ ಗುಪ್ತೋಷ್ಣವನ್ನು ಹೀರುತ್ತದೆ. 1,620 ಕಿಲೋಜೌಲನ್ನು ಹೀರಲು ದಿನಕ್ಕೆ ಸುಮಾರು 5 ಕಿಲೋಗ್ರಾಮ್ ಬೇಕು. ಮೂರು ದಿನಕ್ಕೆ 15. ಪೆಟ್ಟಿಗೆಯ ಮೂರರಲ್ಲೊಂದು ಭಾಗ ಅದಕ್ಕೇ ಹೋಯಿತು. ಆದರೂ ಒಂದು ದಿನದ ಪ್ರಯಾಣಕ್ಕೆ ದಪ್ಪ ಗೋಡೆಯ ಸಾದಾ ಪೆಟ್ಟಿಗೆ ಮತ್ತು ಐದಾರು ಕಿಲೋಗ್ರಾಮ್ ಮಂಜುಗಡ್ಡೆಗಿಂತ ಅಗ್ಗವಾದ, ಕೆಡಲಾರದ ಸಾಧನ ಮತ್ತೊಂದಿಲ್ಲ. ಔಷಧವನ್ನು ಮಾತ್ರ ಗಡ್ಡೆಗೆ ತಗುಲದಂತೆ ಬಟ್ಟೆಯಲ್ಲಿ ಸುತ್ತಿ, ನೀರು ಸೋಕದ ಡಬ್ಬಿಯಲ್ಲಿಡಬೇಕು.

ಮೂರು ಬಗೆಯ ಯಂತ್ರಗಳು

ಮೊದಲನೆಯದು ಉಷ್ಣವಿದ್ಯುತ್ತಿನ ಪೆಟ್ಟಿಗೆ. 1834ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಎಂಬಾತನು, ಎರಡು ಭಿನ್ನ ಲೋಹಗಳ ಬೆಸುಗೆಯ ಮೂಲಕ ವಿದ್ಯುತ್ತನ್ನು ಹರಿಸಿದರೆ ಒಂದು ಬೆಸುಗೆ ತಣ್ಣಗಾಗಿ ಇನ್ನೊಂದು ಬಿಸಿಯಾಗುವುದೆಂದು ಕಂಡನು. ಇಂದಿನ ಪೆಟ್ಟಿಗೆಗಳಲ್ಲಿ ಲೋಹಗಳ ಬದಲು ಬಿಸ್ಮತ್ ಟೆಲುರೈಡ್ ಎಂಬ ಅರೆವಾಹಕದ ತುಣುಕುಗಳಿವೆ. ಇದು ಹಗುರ, ಅಗ್ಗ. ಫ್ಯಾನಿನ ಹೊರತು ಚಲಿಸುವ ಭಾಗವಿಲ್ಲ. ಆದರೆ ದೋಷವು ಮೂಲದಲ್ಲಿಯೇ ಇದೆ. ಸಾಗುವ ಶಾಖವು ವಿದ್ಯುತ್ಪ್ರವಾಹಕ್ಕೆ ಅನುಪಾತವಾಗಿ ಹೆಚ್ಚಿದರೆ, ಪ್ರವಾಹದಿಂದ ತುಣುಕಿನೊಳಗೇ ಹುಟ್ಟುವ ಜೌಲ್ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತವಾಗಿ ಹೆಚ್ಚುತ್ತದೆ. ಅದರಲ್ಲಿ ಅರ್ಧ ತಣ್ಣನೆಯ ಬದಿಗೇ ಮರಳುತ್ತದೆ. ಬಿಸಿಯಾದ ಬದಿಯಿಂದ ತಣ್ಣನೆಯ ಬದಿಗೆ ವಹನದಿಂದಲೂ ಶಾಖ ಹಿಂದಿರುಗುತ್ತದೆ. ಹೀಗಾಗಿ ಇಂತಹ ಸಾಮಾನ್ಯ ಪೆಟ್ಟಿಗೆಯು ಹೊರಗಿನದಕ್ಕಿಂತ ಸುಮಾರು 20 ಡಿಗ್ರಿ ಮಾತ್ರ ಕೆಳಕ್ಕೆ ಇಳಿಸಬಲ್ಲದು. ಹೊರಗೆ 25 ಇದ್ದರೆ ಒಳಗೆ 5. ಹೊರಗೆ 40 ಇದ್ದರೆ ಒಳಗೆ 20. ವಿಜಯಪುರದ ಮಧ್ಯಾಹ್ನದಲ್ಲಿ ಅದರೊಳಗಿನ ಹಾಲು ಉಳಿಯದು. ಅಷ್ಟು ಮಾಡಲೂ ಅದು ಸುಮಾರು 4 ಆಂಪೇರ್ ಪ್ರವಾಹವನ್ನು ಬಿಡುವಿಲ್ಲದೆ ಎಳೆಯುತ್ತಿರುತ್ತದೆ. 24 ಗಂಟೆಗೆ 96 ಆಂಪೇರ್-ಗಂಟೆ.

ಎರಡನೆಯದು ಹೀರಿಕೆಯ ಯಂತ್ರ. ಇದರಲ್ಲಿ ಪಂಪಿನ ಕೆಲಸವನ್ನು ಶಾಖವೇ ಮಾಡುತ್ತದೆ. ನೀರಿನಲ್ಲಿ ಕರಗಿದ ಅಮೋನಿಯವನ್ನು ಕಾಯಿಸಿ ಆವಿಯಾಗಿ ಹೊರಡಿಸಿ, ತಣಿಸಿ ದ್ರವವಾಗಿಸಿ, ಜಲಜನಕದ ನಡುವೆ ಮತ್ತೆ ಆವಿಯಾಗಲು ಬಿಟ್ಟಾಗ ತಂಪುಂಟಾಗುತ್ತದೆ. ಆ ಆವಿಯನ್ನು ನೀರು ಪುನಃ ಹೀರಿಕೊಳ್ಳುತ್ತದೆ. ಈ ಯುಕ್ತಿಯನ್ನು 1922ರಲ್ಲಿ ಸ್ವೀಡನ್ನಿನ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬವರು ರೂಪಿಸಿದಾಗ ಅವರಿನ್ನೂ ಸ್ಟಾಕ್‌ಹೋಮಿನಲ್ಲಿ ವಿದ್ಯಾರ್ಥಿಗಳು! ಅಡಿಗೆ ಅನಿಲದ ಪುಟ್ಟ ಜ್ವಾಲೆಯಿಂದಲೂ ಇದು ನಿಶ್ಶಬ್ದವಾಗಿ ನಡೆಯುವುದರಿಂದ ವಿದ್ಯುತ್ತಿಲ್ಲದ ಕಡೆ ಹಲವು ದಿನ ಒಂದೇ ಸ್ಥಳದಲ್ಲಿ ತಂಗುವವರಿಗೆ ಒಳ್ಳೆಯದು. ಆದರೆ ಒಳಗಿನ ದ್ರವ ತನ್ನ ಭಾರದಿಂದಲೇ ಹರಿಯಬೇಕಾದುದರಿಂದ ಪೆಟ್ಟಿಗೆ ಸಮತಟ್ಟಾಗಿರಬೇಕು. ಘಾಟಿಯ ರಸ್ತೆಗೆ ಇದು ಒಗ್ಗದು. ಕಾರಿನ ಬ್ಯಾಟರಿಯಿಂದ ಕಾಯಿಸುವುದಾದರೆ ಬ್ಯಾಟರಿ ಬಲು ಬೇಗ ಬರಿದಾಗುತ್ತದೆ. ಜ್ವಾಲೆಯನ್ನಂತೂ ಮುಚ್ಚಿದ ವಾಹನದಲ್ಲಾಗಲಿ ಡೇರೆಯಲ್ಲಾಗಲಿ ಉರಿಸಲೇಬಾರದು. ಅಲ್ಲಿ ಕೂಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಅದು ಪ್ರಾಣಾಂತಿಕ.

ಮೂರನೆಯದು ಕಂಪ್ರೆಸರ್ ಉಳ್ಳದ್ದು. ಮನೆಯ ಫ್ರಿಜ್ಜಿನ ತಮ್ಮ. ಜೇಕಬ್ ಪರ್ಕಿನ್ಸ್ ಎಂಬಾತನು ಇದರ ಮೂಲಯಂತ್ರಕ್ಕೆ ಲಂಡನ್ನಿನಲ್ಲಿ ಹಕ್ಕುಪತ್ರ ಪಡೆದುದೂ 1834ರಲ್ಲಿಯೇ ಎಂಬುದು ಒಂದು ಸ್ವಾರಸ್ಯ. ಕಡಿಮೆ ಉಷ್ಣತೆಯಲ್ಲಿ ಕುದಿಯುವ ದ್ರವವೊಂದು ಒಳಗಿನ ಕೊಳವೆಯಲ್ಲಿ ಆವಿಯಾಗಿ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಯಲ್ಲಿ ದ್ರವವಾಗಿಸಿದಾಗ ಆ ಶಾಖ ಗಾಳಿಗೆ ಸೇರುತ್ತದೆ. ಹೊರಗೆ 40 ಡಿಗ್ರಿ ಇದ್ದರೂ ಒಳಗೆ 5 ಡಿಗ್ರಿ ಇಡುವುದು ಇದಕ್ಕೆ ಸಾಧ್ಯ. ನೀರನ್ನು ಗಡ್ಡೆಕಟ್ಟಿಸುವುದೂ ಸಾಧ್ಯ. ಒಂದು ಪಾಲು ವಿದ್ಯುಚ್ಛಕ್ತಿಯಿಂದ ಸುಮಾರು ಒಂದೂವರೆ ಪಾಲು ಶಾಖವನ್ನು ಇದು ಸಾಗಿಸುತ್ತದೆ. ನಮ್ಮ 450 ವಾಟ್-ಗಂಟೆ ಶಾಖಕ್ಕೆ 300 ವಾಟ್-ಗಂಟೆ ವಿದ್ಯುತ್ತು ಸಾಕು. 12 ವೋಲ್ಟಿನಲ್ಲಿ 25 ಆಂಪೇರ್-ಗಂಟೆ. ಉಷ್ಣವಿದ್ಯುತ್ತಿನ ಪೆಟ್ಟಿಗೆ ಹೆಚ್ಚುಕಡಿಮೆ ಇದರ ನಾಲ್ಕರಷ್ಟು ತಿಂದೂ ಈ ಕೆಲಸವನ್ನು ಮಾಡಲಾರದು. ಬೆಲೆಯ ಅಂತರಕ್ಕೆ ಕಾರಣ ಈಗ ಸ್ಪಷ್ಟ.

ಬ್ಯಾಟರಿಯ ಲೆಕ್ಕ

ಕಾರಿನ ಬ್ಯಾಟರಿ 45 ಆಂಪೇರ್-ಗಂಟೆಯದೆಂದಿರಲಿ. ಎಂಜಿನ್ನನ್ನು ಚಾಲೂ ಮಾಡಲು ಕ್ಷಣಕಾಲ ಭಾರಿ ಪ್ರವಾಹ ಕೊಡುವುದಕ್ಕಾಗಿ ಮಾಡಿದ ಈ ಸೀಸದ ಬ್ಯಾಟರಿಯನ್ನು ಆಳವಾಗಿ ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಅರ್ಧಕ್ಕಿಂತ ಹೆಚ್ಚು ಬಳಸದಿರುವುದು ವಿವೇಕ. ಎಂಜಿನ್ ನಿಂತಿರುವ ಹತ್ತು ಗಂಟೆಗಳ ರಾತ್ರಿಯಲ್ಲಿ ಕಂಪ್ರೆಸರ್ ಪೆಟ್ಟಿಗೆ ಸುಮಾರು 10 ಆಂಪೇರ್-ಗಂಟೆಯನ್ನು ಬಳಸುವುದು. ಬ್ಯಾಟರಿ ಸುಸ್ಥಿತಿಯಲ್ಲಿದ್ದರೆ ಬೆಳಗ್ಗೆ ಕಾರು ಹೊರಡುತ್ತದೆ. ಉಷ್ಣವಿದ್ಯುತ್ತಿನ ಪೆಟ್ಟಿಗೆ ಅಷ್ಟರಲ್ಲಿ 40 ಎಳೆದಿರುತ್ತದೆ. ಕಾರು ನಿಂತಲ್ಲೇ ನಿಲ್ಲುತ್ತದೆ! ಒಂದೇ ಕಡೆ ಎರಡು ದಿನ ನಿಲ್ಲುವುದಾದರೆ ಕಂಪ್ರೆಸರಿಗೂ ಕಾರಿನ ಬ್ಯಾಟರಿ ಸಾಲದು. ಆಗ ಬೇರೆ ಬ್ಯಾಟರಿ ಬೇಕು, ಇಲ್ಲವೆ ಅದರೊಡನೆ 100 ವಾಟಿನ ಸೌರಫಲಕ ಬೇಕು. ಬೇಸಗೆಯಲ್ಲಿ ದಿನಕ್ಕೆ ಐದು ಗಂಟೆಗಳ ಪೂರ್ಣ ಬಿಸಿಲಿನ ಲೆಕ್ಕದಲ್ಲಿ, ನಷ್ಟಗಳನ್ನು ಕಳೆದು, ಅದು ಸುಮಾರು 350 ವಾಟ್-ಗಂಟೆ ಕೊಡಬಲ್ಲದು.

ತಂತಿಯನ್ನೂ ಮರೆಯಬಾರದು. ಬ್ಯಾಟರಿಯಿಂದ ಹಿಂಬದಿಯ ಡಿಕ್ಕಿಗೆ 5 ಮೀಟರ್, ಹೋಗಿಬರಲು 10 ಮೀಟರ್ ತಾಮ್ರದ ತಂತಿ. ಅದರ ಅಡ್ಡಕೊಯ್ತ 1.5 ಚದರ ಮಿಲಿಮೀಟರ್ ಆದರೆ ರೋಧ 0.11 ಓಮ್, 5 ಆಂಪೇರ್ ಹರಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ಬ್ಯಾಟರಿಯನ್ನು ಕಾಪಾಡಲೆಂದು ಒಳ್ಳೆಯ ಪೆಟ್ಟಿಗೆಗಳಲ್ಲಿ ವೋಲ್ಟೇಜು ಇಳಿದಾಗ ತಾನಾಗಿ ಆರುವ ಏರ್ಪಾಡು ಇರುತ್ತದೆ. ತೆಳುತಂತಿಯ ದೆಸೆಯಿಂದ, ಬ್ಯಾಟರಿ ತುಂಬಿದ್ದರೂ ‘ಬರಿದಾಯಿತು’ ಎಂದು ತಿಳಿದು ಪೆಟ್ಟಿಗೆ ನಡುರಾತ್ರಿ ಆರಿಹೋಗಬಹುದು. 4 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ 0.2 ವೋಲ್ಟಿಗೆ ಇಳಿಯುತ್ತದೆ.

ಹೀಗೆ ಆರಿಸಬಹುದು

ಒಂದು ದಿನದ ಪ್ರಯಾಣವಾದರೆ ದಪ್ಪ ಗೋಡೆಯ ಪೆಟ್ಟಿಗೆ ಮತ್ತು ಮಂಜುಗಡ್ಡೆ. ಮಡಿಕೇರಿಯಂತಹ ತಂಪು ಊರುಗಳ ಪ್ರಯಾಣದಲ್ಲಿ, ಎಂಜಿನ್ ನಡೆಯುತ್ತಿರುವಾಗ ಪಾನೀಯ ತಂಪಾಗಿದ್ದರೆ ಸಾಕೆನ್ನುವವರಿಗೆ ಉಷ್ಣವಿದ್ಯುತ್ತಿನದು. ಸಮತಟ್ಟು ಬಯಲಿನಲ್ಲಿ, ಗಾಳಿಯಾಡುವ ಕಡೆ ಬಹುದಿನದ ಬಿಡಾರಕ್ಕೆ ಅನಿಲದ ಹೀರಿಕೆಯ ಯಂತ್ರ. ಬೇಸಗೆಯ ಬಯಲುಸೀಮೆಯಲ್ಲಿ ಹಾಲನ್ನೂ ಔಷಧವನ್ನೂ ಹಲವು ದಿನ ಕಾಪಾಡಬೇಕಾದರೆ ಕಂಪ್ರೆಸರ್ ಒಂದೇ ದಾರಿ. ಯಾವುದನ್ನು ಕೊಂಡರೂ ಶಾಖ ಹೊರಬೀಳುವ ಜಾಲರಿಗೆ ಸಾಮಾನು ಒತ್ತರಿಸಬಾರದು. ಗಾಜು ಮುಚ್ಚಿದ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಬಾರದು. ಪೆಟ್ಟಿಗೆಯ ಮೇಲೆ ತೋರುವ ಅಂಕಿಯನ್ನೇ ನಂಬದೆ ಔಷಧದ ಪಕ್ಕದಲ್ಲಿ ಒಂದು ಉಷ್ಣಮಾಪಕವನ್ನಿಡಬೇಕು. ಕಂಪ್ರೆಸರ್ ಪೆಟ್ಟಿಗೆಯ ಒಳಗೋಡೆಯ ಬಳಿ ಉಷ್ಣತೆ ಸೊನ್ನೆಗಿಂತ ಕೆಳಗಿರಬಹುದಾದುದರಿಂದ ಇನ್ಸುಲಿನ್ ಅದಕ್ಕೆ ತಗುಲಬಾರದು.

ಒಂದು ಪ್ರಯೋಗ

ಮನೆಯಲ್ಲಿರುವ ಯಾವುದಾದರೂ ಶೈತ್ಯಪೆಟ್ಟಿಗೆಯನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಯಂತ್ರವನ್ನು ಆರಿಸಿ, ತೂಗಿದ ಮಂಜುಗಡ್ಡೆಯನ್ನು ಧಾರಾಳವಾಗಿ ತುಂಬಿ, ಪೆಟ್ಟಿಗೆ ತಣಿಯಲು ಮೂರು ನಾಲ್ಕು ಗಂಟೆ ಬಿಟ್ಟು, ಕರಗಿದ ನೀರನ್ನು ಚೆಲ್ಲಿ ಮುಚ್ಚಳವಿಡಿ. 24 ಗಂಟೆಗಳ ಬಳಿಕ ಹೊಸದಾಗಿ ಕರಗಿದ ನೀರನ್ನು ತೂಗಿ. 334 ಕಿಲೋಜೌಲನ್ನು 86,400 ಸೆಕೆಂಡುಗಳಿಂದ ಭಾಗಿಸಿದರೆ 3.9 ವಾಟ್ ಬರುತ್ತದೆ. ಅಂದರೆ ಕರಗಿದ ಪ್ರತಿ ಕಿಲೋಗ್ರಾಮೂ ಸುಮಾರು 4 ವಾಟ್ ಶಾಖದ ಸಾಕ್ಷಿ. ಕೋಣೆಯ ಸರಾಸರಿ ಉಷ್ಣತೆಯನ್ನು ಗುರುತಿಸಿಕೊಂಡಿದ್ದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವಾಟ್ ನುಗ್ಗುತ್ತದೆಂಬುದೂ ತಿಳಿಯುತ್ತದೆ. ಲೆಕ್ಕದ ನಮ್ಮ ಪೆಟ್ಟಿಗೆಗೆ ಅದು 0.625 ವಾಟ್. ನಿಮ್ಮದಕ್ಕೆ ಎಷ್ಟೆಂದು ಕಂಡುಹಿಡಿಯಿರಿ; ಬ್ಯಾಟರಿ ಎಷ್ಟು ದೊಡ್ಡದಿರಬೇಕೆಂಬುದನ್ನು ಆ ಒಂದು ಸಂಖ್ಯೆಯಿಂದಲೇ ಲೆಕ್ಕ ಹಾಕಬಹುದು.