ಸಭಾಕಂಪ: ಅಡ್ರಿನಲಿನ್ ಪಾಠಕ್ಕೊಂದು ಚಟುವಟಿಕೆ

ಹತ್ತನೇ ತರಗತಿಗೆ ಅಡ್ರಿನಲಿನ್ ಕುರಿತು ಬೋಧಿಸಲು ನನ್ನ ಸಭಾಕಂಪವನ್ನೇ ಉದಾಹರಣೆಯಾಗಿ ಬಳಸಿದೆ. ಹತ್ತು ವರ್ಷಗಳಿಂದ ಹಾಡುತ್ತಿದ್ದರೂ ವೇದಿಕೆ ಏರುವಾಗ ಇಂದಿಗೂ ಬಾಯಿ ಒಣಗುತ್ತದೆ, ಕೈ ತಣ್ಣಗಾಗುತ್ತದೆ.

ಚಟುವಟಿಕೆ: ವಿದ್ಯಾರ್ಥಿನಿಯೊಬ್ಬಳು ನನ್ನ ನಾಡಿಮಿಡಿತವನ್ನು 15 ಸೆಕೆಂಡು ಎಣಿಸಿ 4ರಿಂದ ಗುಣಿಸಿದಳು. ಕುಳಿತಿದ್ದಾಗ 80, ಹಾಡಲು ನಿಂತಾಗ 108. ನಿಧಾನವಾಗಿ ಉಸಿರು ಬಿಟ್ಟು ಹಾಡಿದೆ. ಪಲ್ಲವಿ ಮುಗಿದಾಗ 92.

ವಿವರಣೆ: ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಅಡ್ರಿನಲಿನ್ ಹೃದಯದ ಬಡಿತವನ್ನು ಹೆಚ್ಚಿಸುತ್ತದೆ. ಚರ್ಮಕ್ಕೆ ರಕ್ತ ಕಡಿಮೆಯಾಗಿ ಸ್ನಾಯುಗಳಿಗೆ ಹೆಚ್ಚು ಹರಿಯುತ್ತದೆ. ಕೈ ತಣ್ಣಗಾಗುವುದು ಅದಕ್ಕೇ.

ಅವಲೋಕನ: ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗ, "ಮಿಸ್, ನೀವು ಪ್ರಶ್ನೆ ಕೇಳಿದಾಗ ನನಗಾಗೋದೂ ಇದೇನಾ?" ಎಂದ. ಮೌನವಾಗಿರುವ ವಿದ್ಯಾರ್ಥಿಗೆ ಉತ್ತರ ಗೊತ್ತಿಲ್ಲವೆಂದು ತೀರ್ಮಾನಿಸುವ ಮುನ್ನ, ಎರಡು ಉಸಿರಿನಷ್ಟು ಕಾಲಾವಕಾಶ ಕೊಡೋಣ. ಭಯ ಹೋಗದಿದ್ದರೂ ಹಾಡಬಹುದು, ಉತ್ತರವನ್ನೂ ಹೇಳಬಹುದು.